ಮೊದಲು ತೂಕ ಕೇಳಿ, ಆಮೇಲೆ ಫೋರ್ಕ್ ಬಗ್ಗೆ ಮಾತಾಡಿ

ಚಿತ್ರದುರ್ಗದಲ್ಲಿ ಎಂಟಿಬಿ (ಕಲ್ಲು ಮಣ್ಣಿನ ದಾರಿಗೆ ಮಾಡಿದ ಮೌಂಟನ್ ಸೈಕಲ್) ಓಡಿಸುವ ನಾಲ್ಕು ಜನ ಒಂದು ಕಡೆ ನಿಂತರೆ ಸಾಕು, ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದು ಪೆಟ್ಟು ತಾಳುವ ಎರಡು ಕಾಲುಗಳ ಮಾತು ಬಂದೇ ಬರುತ್ತದೆ. ಒಬ್ಬರು "ಈ ರೇಟಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ" ಅನ್ನುತ್ತಾರೆ. ಇನ್ನೊಬ್ಬರು ಅದೇ ಫೋರ್ಕ್ ತೋರಿಸಿ "ಇದು ಶೋಗೆ ಹಾಕಿರೋದು, ಕಿತ್ತು ಬೇರೆ ಹಾಕಿಸು" ಅನ್ನುತ್ತಾರೆ. ಇಬ್ಬರೂ ವರ್ಷಗಟ್ಟಲೆ ಓಡಿಸಿದವರೇ. ಹಾಗಾದರೆ ಯಾರ ಮಾತು ನಂಬೋದು?

ನನ್ನ ಸೈಕಲ್ಲಿನ ಫೋರ್ಕ್ ಬದಲಾಯಿಸಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ನಾನು ಸಿಕ್ಕ ಸಿಕ್ಕ ಸವಾರರನ್ನೆಲ್ಲ ಕೇಳಿದೆ. ಇಲ್ಲಿನವರನ್ನು, ದಾವಣಗೆರೆಯವರನ್ನು, ಹೊಳಲ್ಕೆರೆ ಕಡೆಯಿಂದ ಬರುವವರನ್ನು. ಕೇಳುತ್ತಾ ಹೋದಂತೆ ಒಂದು ವಿಷಯ ನನಗೆ ಗಟ್ಟಿಯಾಯಿತು. ಹೇಳುವವರ ತೂಕ ಎಷ್ಟು, ಅವರು ಓಡಿಸುವ ದಾರಿ ಎಂಥದ್ದು, ಫೋರ್ಕ್ ಬಿಚ್ಚಿ ಗ್ರೀಸ್ ಹಾಕಿ ಎಷ್ಟು ಕಾಲವಾಯಿತು. ಈ ಮೂರು ಗೊತ್ತಿಲ್ಲದೆ ಕೇಳಿದ ಅಭಿಪ್ರಾಯ ನಮ್ಮ ಕೆಲಸಕ್ಕೆ ಬರಲ್ಲ.

ದಾವಣಗೆರೆಯ ಗೆಳೆಯರೊಬ್ಬರಿದ್ದಾರೆ. ತೂಕ 75 ಕಿಲೋ ಆಸುಪಾಸು. ವಾರಕ್ಕೊಮ್ಮೆ ಭದ್ರಾ ಚಾನಲ್ ಪಕ್ಕದ ಮಣ್ಣಿನ ದಾರಿಯಲ್ಲಿ ಹೋಗುತ್ತಾರೆ, ಆಗಾಗ ಕೊಂಡಜ್ಜಿ ಗುಡ್ಡದ ತನಕ. ಎರಡೂ ಕಡೆ ಭತ್ತದ ಗದ್ದೆ, ದಾರಿ ಮೆತ್ತಗೆ, ಅಲ್ಲಲ್ಲಿ ಟ್ರ್ಯಾಕ್ಟರ್ ಚಕ್ರ ಮಾಡಿದ ಹಳ್ಳ. ಅವರ ಮಾತಲ್ಲಿ ಫೋರ್ಕ್ ಸೂಪರ್. ನಮ್ಮೂರಿನ ಇನ್ನೊಬ್ಬರು 95 ಕಿಲೋ ಇದ್ದಾರೆ. ಚಂದ್ರವಳ್ಳಿ ಕಡೆಯ ಕಲ್ಲು ದಾರಿಯಲ್ಲಿ ಇಳಿಯುತ್ತಾರೆ. ಪ್ರತಿ ಸಲ ಫೋರ್ಕ್ ತಳಕ್ಕೆ ಹೋಗಿ ಟಕ್ ಅಂತ ಹೊಡೆಯುತ್ತದೆ. ಅವರ ಪ್ರಕಾರ ಅದು ಮೆತ್ತಗೆ, ಬಲ ಇಲ್ಲ. ಕಾಲೇಜು ಓದುವ ಹುಡುಗಿಯೊಬ್ಬಳು 48 ಕಿಲೋ. ಅವಳ ಕೈ ಪೂರಾ ನೋಯುತ್ತದೆ, ಫೋರ್ಕ್ ಅಲ್ಲಾಡುವುದೇ ಇಲ್ಲ ಅನ್ನುತ್ತಾಳೆ. ಮೂವರ ಬಳಿ ಇರುವುದೂ ಒಂದೇ ಮಾದರಿ. ಮೂವರೂ ನಿಜವನ್ನೇ ಹೇಳುತ್ತಿದ್ದಾರೆ.

ಇದು ಯಾಕೆ ಹೀಗೆ ಅಂದರೆ, ಕಡಿಮೆ ಬೆಲೆಯ ಫೋರ್ಕ್‌ಗಳಲ್ಲಿ ಹೆಚ್ಚಿನವು ಕಾಯಿಲ್ ಸ್ಪ್ರಿಂಗಿನವು. ಸನ್‌ಟೂರ್ ಕಂಪನಿಯ ಎಕ್ಸ್‌ಸಿಟಿ, ಎಕ್ಸ್‌ಸಿಎಂ ಮಾದರಿಗಳ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಕ್ಸ್‌ಸಿಟಿಯಲ್ಲಿ ಮೇಲಿನ ಕೊಳವೆ, ಅಂದರೆ ಸ್ಟ್ಯಾಂಕ್ಷನ್, 28 ಮಿ.ಮೀ. ದಪ್ಪ. ಎಕ್ಸ್‌ಸಿಎಂನ ಸಾಮಾನ್ಯ ಮಾದರಿಯಲ್ಲಿ 30. ಒಳಗೆ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಕಂಪನಿಯವರು ಅದನ್ನು ಮಧ್ಯಮ ತೂಕದ ಸವಾರನಿಗೆ ಆರಿಸಿ ಹಾಕಿರುತ್ತಾರೆ. ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ಒತ್ತಡ ಬಳಸುವ ಏರ್ ಫೋರ್ಕ್ ಆದರೆ ಗಾಳಿ ಏರಿಸಿ ಇಳಿಸಿ ನಮ್ಮ ತೂಕಕ್ಕೆ ಹೊಂದಿಸಬಹುದು. ಕಾಯಿಲ್‌ನಲ್ಲಿ ಹಾಗಾಗಲ್ಲ. ಸ್ಪ್ರಿಂಗ್ ನಮ್ಮ ತೂಕಕ್ಕೆ ಸರಿ ಇದ್ದರೆ ಅದೃಷ್ಟ, ಇಲ್ಲದಿದ್ದರೆ ಫೋರ್ಕ್ ಕೆಟ್ಟದ್ದು ಅಂತ ಹೆಸರು.

ಮೇಲೆ ತಿರುಗಿಸುವ ನೀಲಿ ಅಥವಾ ಕಪ್ಪು ಗುಬ್ಬಿ ಇದೆಯಲ್ಲ, ಪ್ರಿಲೋಡ್, ಅದನ್ನು ತಿರುಗಿಸಿದರೆ ಗಟ್ಟಿ ಮೆತ್ತಗೆ ಆಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಆ ಗುಬ್ಬಿ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿ ಇಡುತ್ತದೆ, ಅಷ್ಟೇ. ಸ್ಪ್ರಿಂಗಿನ ಬಲ ಬದಲಾಗಲ್ಲ. ಹೆಚ್ಚು ತೂಕದವರು ಅದನ್ನು ಪೂರ್ತಿ ತಿರುಗಿಸಿದರೂ ದೊಡ್ಡ ಹಳ್ಳಕ್ಕೆ ಬಿದ್ದಾಗ ತಳ ಹೊಡೆಯುವುದು ಬಹಳ ಮಟ್ಟಿಗೆ ಹಾಗೇ ಇರುತ್ತದೆ.

ನಾನು 62 ಕಿಲೋ ಇದ್ದೇನೆ. ನನ್ನದು 100 ಮಿ.ಮೀ. ಟ್ರಾವೆಲ್ (ಫೋರ್ಕ್ ಒಟ್ಟು ಕುಗ್ಗಬಲ್ಲ ದೂರ) ಇರುವ ಕಾಯಿಲ್ ಫೋರ್ಕ್, 27.5 ಇಂಚಿನ ಚಕ್ರ. ಯಾರ ಮಾತನ್ನೂ ಹಾಗೇ ತೆಗೆದುಕೊಳ್ಳದೆ ಅಳೆದು ನೋಡಿದೆ. ಇದಕ್ಕೆ ಬೇಕಾದದ್ದು ಒಂದು ಕೇಬಲ್ ಟೈ ಮತ್ತು ಶಾಲೆ ಮಕ್ಕಳ ಸ್ಕೇಲ್. ಸ್ಟ್ಯಾಂಕ್ಷನ್ನಿಗೆ ಟೈ ಸಡಿಲವಾಗಿ ಕಟ್ಟಿ, ಕೆಳಗಿನ ಕಾಲಿನ ಬಾಯಿಯಲ್ಲಿರುವ ರಬ್ಬರ್ ಸೀಲ್ ತನಕ ಕೆಳಗೆ ತಳ್ಳಬೇಕು. ಗೋಡೆ ಹಿಡಿದು, ಓಡಿಸುವಾಗ ಹೇಗೆ ಕೂರುತ್ತೇವೋ ಹಾಗೇ ಕೂರಬೇಕು. ನೀರಿನ ಬಾಟಲಿ, ಬ್ಯಾಗ್ ಎಲ್ಲ ಇರಲಿ. ಕುಣಿಯದೆ ಮೆಲ್ಲಗೆ ಇಳಿದು, ಸೀಲ್‌ನಿಂದ ಟೈ ಎಷ್ಟು ಮೇಲಿದೆ ನೋಡಬೇಕು. ಇದನ್ನೇ ಸ್ಯಾಗ್ ಅನ್ನುವುದು. 100 ಮಿ.ಮೀ. ಫೋರ್ಕ್‌ಗೆ 15ರಿಂದ 25 ಮಿ.ಮೀ. ಬಂದರೆ ಸರಿ. ನನಗೆ ಬಂದದ್ದು 9. ಆಮೇಲೆ ಅದೇ ಟೈ ಇಟ್ಟುಕೊಂಡು ನನ್ನ ಮಾಮೂಲಿ ಕಲ್ಲು ಇಳಿಜಾರಿನಲ್ಲಿ ಇಳಿದೆ. ಕೆಳಗೆ ಬಂದು ನೋಡಿದರೆ 55 ಮಿ.ಮೀ. ಮಾತ್ರ ಬಳಕೆಯಾಗಿತ್ತು. ಅಂದರೆ ದುಡ್ಡು ಕೊಟ್ಟ 100ರಲ್ಲಿ ಸುಮಾರು ಅರ್ಧ ಸುಮ್ನೆ ಕೂತಿತ್ತು.

ಇಷ್ಟು ಗೊತ್ತಾದ ಮೇಲೂ ನಾನು ನೇರ ಸ್ಪ್ರಿಂಗಿಗೆ ಕೈ ಹಾಕಲಿಲ್ಲ. ಮೊದಲು ಟೈರ್ ನೋಡಿದೆ. ನಮ್ಮ ಕಡೆ ಎಂಟಿಬಿ ಟೈರಿಗೂ ಕಲ್ಲಿನಂತೆ ಗಾಳಿ ತುಂಬುವ ಅಭ್ಯಾಸ ಇದೆ. ಪಂಕ್ಚರ್ ಅಂಗಡಿಯಲ್ಲಿ ಬೆರಳಲ್ಲಿ ಒತ್ತಿ ನೋಡಿ 50, 60 ಪಿಎಸ್‌ಐ ತುಂಬಿ ಕಳಿಸುತ್ತಾರೆ. 2.2 ಇಂಚಿನ ಟೈರಿಗೆ ನನ್ನ ತೂಕದಲ್ಲಿ ಟ್ಯೂಬ್ ಇದ್ದರೂ ಮುಂದೆ 28 ಸಾಕು. ಟೈರ್ ಬದಿಯಲ್ಲಿ ಕನಿಷ್ಠ ಎಷ್ಟಿರಬೇಕು ಎಂದು ಬರೆದಿರುತ್ತದೆ, ಅದನ್ನು ನೋಡಿಕೊಳ್ಳಿ. ಸಣ್ಣ ಸಣ್ಣ ಕಲ್ಲು, ಜಲ್ಲಿ, ರಸ್ತೆಯ ಗಡಗಡ, ಇದನ್ನೆಲ್ಲ ತೆಗೆದುಕೊಳ್ಳಬೇಕಾದದ್ದು ಟೈರು. ಈ ದರ್ಜೆಯ ಫೋರ್ಕ್‌ನಲ್ಲಿ ಒಳಗಿನ ತಿಕ್ಕಾಟ ಜಾಸ್ತಿ, ಅಷ್ಟು ಸಣ್ಣ ಪೆಟ್ಟಿಗೆ ಅದು ಅಲುಗಲ್ಲ. ಗಾಳಿ ಇಳಿಸಿದ್ದೇ ಕೈ ನೋವು ಗಮನಿಸುವಷ್ಟು ಕಡಿಮೆಯಾಯಿತು. ಆ 48 ಕಿಲೋ ಹುಡುಗಿಗೂ ಮೊದಲು ಇದನ್ನೇ ಹೇಳಿದೆ. ಅವಳ ದೂರಿನಲ್ಲಿ ಒಳ್ಳೇ ಪಾಲು ಟೈರಿನದ್ದಾಗಿತ್ತು.

ಎರಡನೇ ಕೆಲಸ ಫೋರ್ಕ್ ಬಿಚ್ಚಿದ್ದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾನು ಕೇಳಿದವರಲ್ಲಿ ಹೆಚ್ಚಿನವರು ಕೊಂಡ ದಿನದಿಂದ ಒಮ್ಮೆಯೂ ಫೋರ್ಕ್ ಬಿಚ್ಚಿರಲಿಲ್ಲ. ಬೈಕಿಗೆ ಆಯಿಲ್ ಬದಲಾಯಿಸುವವರು ಸೈಕಲ್ ಫೋರ್ಕ್‌ಗೂ ಸರ್ವಿಸ್ ಇದೆ ಅಂತ ಅಂದುಕೊಳ್ಳಲ್ಲ. ಫೋರ್ಕ್ ಮಾಡುವವರೇ ಸಾಮಾನ್ಯವಾಗಿ 50 ಗಂಟೆ ಓಡಿಸಿದ ಮೇಲೆ ಕೆಳಗಿನ ಕಾಲು ಬಿಚ್ಚಿ ಶುಚಿ ಮಾಡಲು ಹೇಳುತ್ತಾರೆ. ನಮ್ಮ ದುರ್ಗದ ನೆಲ ಬೇರೆ. ಇಲ್ಲಿ ಬಂಡೆ ಸವೆದು ಉದುರಿದ ಒರಟು ಮರಳು ಎಲ್ಲೆಲ್ಲೂ ಇದೆ. ಸೀಲ್ ಒಣಗಿದ್ದರೆ ಆ ಮರಳು ಒಳಗೆ ಹೋಗುತ್ತದೆ. ಹೋದರೆ ಮರಳು ಕಾಗದ ಉಜ್ಜಿದ ಹಾಗೆ ಬುಶಿಂಗ್ (ಸ್ಟ್ಯಾಂಕ್ಷನ್ ಜಾರುವ ಒಳಬಳೆ) ತಿನ್ನುತ್ತಾ ಹೋಗುತ್ತದೆ.

ನಾನು ಮಾಡಿದ್ದು ಹೀಗೆ. ಮುಂದಿನ ಚಕ್ರ ತೆಗೆದೆ. ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಬಿಚ್ಚಿ ಪಕ್ಕಕ್ಕೆ ಕಟ್ಟಿದೆ. ಫೋರ್ಕ್ ಕಾಲುಗಳ ಅಡಿಯಲ್ಲಿ ಎರಡು ಬೋಲ್ಟ್ ಇರುತ್ತವೆ. ಅವನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಬೋಲ್ಟ್ ತಲೆಗೆ ಮೆಲ್ಲಗೆ ತಟ್ಟಿದೆ. ಒಳಗಿನ ಹಿಡಿತ ಬಿಟ್ಟಿತು. ಆಮೇಲೆ ಬೋಲ್ಟ್ ತೆಗೆದು ಕೆಳಗಿನ ಕಾಲನ್ನು ಎಳೆದರೆ ಪೂರ್ತಿ ಈಚೆ ಬರುತ್ತದೆ. ಒಳಗೆ ಗ್ರೀಸ್ ಅನ್ನುವುದು ಹೆಸರಿಗೆ ಮಾತ್ರ ಇತ್ತು. ಇದ್ದದ್ದೂ ಕಪ್ಪಗೆ, ಮರಳಿನ ಜೊತೆ ಗಟ್ಟಿಯಾಗಿತ್ತು.

ಇಲ್ಲಿ ಒಂದು ಎಚ್ಚರ. ಅಂಗಡಿಗಳಲ್ಲಿ ಏನೇ ಬಿಚ್ಚಿದರೂ ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ತೊಳೆಯುವುದು ರೂಢಿ. ಚೈನಿಗೆ ಪರವಾಗಿಲ್ಲ, ಫೋರ್ಕ್ ಸೀಲಿಗೆ ಬೇಡ. ರಬ್ಬರ್ ಉಬ್ಬಿ ಹಾಳಾಗಬಹುದು. ನಾನು ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೇ ಕಾಟನ್ ಬನಿಯನ್ ಬಟ್ಟೆ ಬಳಸಿದೆ. ಬಟ್ಟೆಯನ್ನು ಉದ್ದ ಕೋಲಿಗೆ ಸುತ್ತಿ ಒಳಗಿನ ಬುಶಿಂಗ್ ತನಕ ಒರೆಸಿದೆ, ಬಟ್ಟೆ ಬೆಳ್ಳಗೆ ಬರುವ ತನಕ. ಸಸ್ಪೆನ್ಷನ್‌ಗೆಂದೇ ಮಾಡಿದ ಗ್ರೀಸ್ ತರಿಸಿಕೊಂಡಿದ್ದೆ. ಬುಶಿಂಗಿಗೆ, ಸೀಲಿನ ಒಳ ತುಟಿಗೆ, ಸ್ಪ್ರಿಂಗಿಗೆ ಚೆನ್ನಾಗಿ ಹಚ್ಚಿದೆ. ಚಕ್ರದ ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸ್ ಇಲ್ಲಿಗೆ ಸರಿಹೋಗಲ್ಲ, ಎಳೆತ ಜಾಸ್ತಿ ಮಾಡುತ್ತದೆ. ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವುದು ಆಯಾ ಫೋರ್ಕ್‌ನ ಕೈಪಿಡಿಯಲ್ಲಿರುತ್ತದೆ. ಕೇಳಿ, ಹುಡುಕಿ, ಅಷ್ಟೇ ಬಿಗಿಯಿರಿ.

ಜೋಡಿಸಿ ಹ್ಯಾಂಡಲ್ ಒತ್ತಿದಾಗ ಆದ ವ್ಯತ್ಯಾಸ ಮರೆಯುವಂಥದ್ದಲ್ಲ. ಮೊದಲು ತಡೆದು ತಡೆದು ಇಳಿಯುತ್ತಿದ್ದ ಫೋರ್ಕ್ ಒಂದೇ ಸಮನೆ ಇಳಿಯಿತು. ಸ್ಯಾಗ್ 9ರಿಂದ 13ಕ್ಕೆ ಬಂತು, ಸ್ಪ್ರಿಂಗ್ ಅದೇ. "ಎರಡು ವರ್ಷ ಆದಮೇಲೆ ಫೋರ್ಕ್ ಸತ್ತೇ ಹೋಯ್ತು" ಅನ್ನುವ ಅಭಿಪ್ರಾಯ ಎಷ್ಟು ಸಲ ಕೇಳಿದ್ದೇನೋ. ಅದರಲ್ಲಿ ಬಹುಪಾಲು ಫೋರ್ಕ್ ಸತ್ತಿರಲ್ಲ, ಒಣಗಿರುತ್ತದೆ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಸ್ಟ್ಯಾಂಕ್ಷನ್ ಮೇಲೆ ಡಬ್ಲ್ಯೂಡಿ-40 ಹೊಡೆಯುವವರೂ ಇದ್ದಾರೆ. ಒಂದು ದಿನ ನುಣ್ಣಗೆ ಆಡುತ್ತದೆ, ನಿಜ. ಆದರೆ ಅದು ಇರುವ ಗ್ರೀಸನ್ನೂ ತೊಳೆದು ಹಾಕುತ್ತದೆ.

ಸ್ಪ್ರಿಂಗ್ ಕೊನೆಗೆ. ನನ್ನ ಮಾದರಿಗೆ ಮೆತ್ತನೆಯದು, ಗಟ್ಟಿಯದು ಎರಡೂ ಬೇರೆ ಸಿಗುತ್ತವೆ. ನಮ್ಮೂರಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿಕೊಂಡೆ. ಬದಲಾಯಿಸುವುದು ಬಿಚ್ಚಿ ಗ್ರೀಸ್ ಹಾಕುವುದಕ್ಕಿಂತ ಸುಲಭ. ನನ್ನದರಲ್ಲಿ ಎಡಗಾಲಿನಲ್ಲಿ ಸ್ಪ್ರಿಂಗ್, ಬಲಗಾಲಿನಲ್ಲಿ ಡ್ಯಾಂಪರ್, ಅಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಭಾಗ. ಈಗ ಸ್ಯಾಗ್ 20. ಅದೇ ಇಳಿಜಾರಿನಲ್ಲಿ 85 ಮಿ.ಮೀ. ಬಳಕೆಯಾಗುತ್ತದೆ. 95 ಕಿಲೋ ಗೆಳೆಯರು ಗಟ್ಟಿ ಸ್ಪ್ರಿಂಗ್ ಹಾಕಿಸಿಕೊಂಡರು. ತಳ ಹೊಡೆಯುವುದು ಪೂರ್ತಿ ನಿಂತಿಲ್ಲ, ಆದರೆ ಅಪರೂಪವಾಗಿದೆ.

ಹಾಗಂತ ಈ ಫೋರ್ಕ್ ಬಗ್ಗೆ ಬರುವ ದೂರೆಲ್ಲ ಸುಳ್ಳಲ್ಲ. ತೂಕ ಎರಡೂವರೆ ಕಿಲೋಗಿಂತ ಮೇಲೆ. ಆಡುಮಲ್ಲೇಶ್ವರ ದಾಟಿ ಜೋಗಿಮಟ್ಟಿ ಏರುವಾಗ ಆ ಭಾರ ಗೊತ್ತಾಗುತ್ತದೆ. ಏರಿನಲ್ಲಿ ನಿಂತು ತುಳಿಯುವಾಗ, ಫೋರ್ಕ್ ಕುಗ್ಗದಂತೆ ತಡೆಯುವ ಲಾಕ್‌ಔಟ್ ಹಾಕಿದರೆ ಮುಂದಿನ ಕುಣಿತ ನಿಲ್ಲುತ್ತದೆ, ಅದು ಒಳ್ಳೇದು. ಕಲ್ಲಿನ ಮೇಲೆ ಮಾತ್ರ ಲಾಕ್ ಹಾಕಿ ಓಡಿಸಬೇಡಿ. (ಜೋಗಿಮಟ್ಟಿ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಗೇಟಿನಲ್ಲಿ ಕೇಳಿಯೇ ಹೋಗಿ.) ದೊಡ್ಡ ಪೆಟ್ಟಿನ ಮೇಲೆ ಪೆಟ್ಟು ಬಂದರೆ ರಿಬೌಂಡ್ ಹಿಡಿತ ಸಾಲುವುದಿಲ್ಲ. ಸ್ಪ್ರಿಂಗ್ ರಪ್ ಅಂತ ವಾಪಸ್ ಬಂದು ಹ್ಯಾಂಡಲ್ ಎತ್ತುತ್ತದೆ. ನನ್ನದರಲ್ಲಿ ಅದನ್ನು ಹೊಂದಿಸುವ ಗುಬ್ಬಿ ಇಲ್ಲ. ಗ್ರೀಸ್‌ನಿಂದಾಗಲೀ ಸ್ಪ್ರಿಂಗ್‌ನಿಂದಾಗಲೀ ಇದು ಸರಿಹೋಗಲ್ಲ. ವೇಗ ಇಳಿಸುವುದೊಂದೇ ದಾರಿ. ಎತ್ತರದಿಂದ ಹಾರುವುದಕ್ಕೆ, ಡ್ರಾಪ್‌ಗೆ ಈ ದರ್ಜೆಯ ಫೋರ್ಕ್ ಮಾಡಿದ್ದೇ ಅಲ್ಲ. ಹುಡುಗರು ವಿಡಿಯೋ ನೋಡಿ ಹಾರಿಸುವುದನ್ನು ಕಂಡರೆ ನನಗೆ ಭಯವಾಗುತ್ತದೆ.

"ಬಿಡಿ ಸಾರ್, ಏರ್ ಫೋರ್ಕ್ ಹಾಕಿಸಿ" ಅನ್ನುವವರಿಗೂ ನನ್ನದೊಂದು ಮಾತಿದೆ. ರಾಕ್‌ಶಾಕ್ಸ್ ಜೂಡಿಯಂಥದ್ದು ಹಾಕಿದರೆ ತೂಕ ಕಡಿಮೆಯಾಗುತ್ತದೆ, ನಮ್ಮ ಭಾರಕ್ಕೆ ಗಾಳಿ ಹೊಂದಿಸಬಹುದು, ರಿಬೌಂಡ್ ಗುಬ್ಬಿಯೂ ಇರುತ್ತದೆ. ಓಡಿಸಿ ನೋಡಿದ್ದೇನೆ, ಕಲ್ಲಿನ ಮೇಲೆ ವ್ಯತ್ಯಾಸ ದೊಡ್ಡದು. ಆದರೆ ಖರ್ಚು ಫೋರ್ಕ್ ಬೆಲೆಗೆ ನಿಲ್ಲಲ್ಲ. ಅದಕ್ಕೆ ಬೇರೆಯೇ ಶಾಕ್ ಪಂಪ್ ಬೇಕು, ಮನೆಯ ಸೈಕಲ್ ಪಂಪ್ ಆಗಲ್ಲ. ಗಾಳಿ ಸೀಲ್ ಸೋರಿದರೆ ರಿಪೇರಿಗೆ ಬೆಂಗಳೂರು ನೋಡಬೇಕು. ನಮ್ಮ ಬೇಸಿಗೆಯಲ್ಲಿ ಬೆಳಗ್ಗೆ 22 ಡಿಗ್ರಿಯಲ್ಲಿ ಗಾಳಿ ಹೊಂದಿಸಿ ಮಧ್ಯಾಹ್ನ 37 ಡಿಗ್ರಿಯಲ್ಲಿ ಓಡಿಸಿದರೆ ಒಳಗಿನ ಒತ್ತಡ ಶೇ. 5-6 ಏರಿರುತ್ತದೆ. ದೊಡ್ಡ ತೊಂದರೆ ಏನಲ್ಲ, ಗೊತ್ತಿದ್ದರೆ ಒಳ್ಳೇದು.

ಇನ್ನು ಅಳತೆಗಳು. ಎಕ್ಸ್‌ಸಿಎಂ ಥರದ ಫೋರ್ಕ್ ಬರುವ ಬಹಳಷ್ಟು ಸೈಕಲ್‌ಗಳಲ್ಲಿ ಸ್ಟೀರರ್ ಕೊಳವೆ (ಫೋರ್ಕ್‌ನಿಂದ ಫ್ರೇಮಿನೊಳಗೆ ಹೋಗಿ ಹ್ಯಾಂಡಲ್ ಸೇರುವ ಕೊಳವೆ) ಮೇಲಿಂದ ಕೆಳಗಿನ ತನಕ ಒಂದೇ ದಪ್ಪ, 28.6 ಮಿ.ಮೀ. ಹೊಸ ಫೋರ್ಕ್‌ಗಳಲ್ಲಿ ಹೆಚ್ಚಿನವು ಕೆಳಗೆ ಒಂದೂವರೆ ಇಂಚಿಗೆ ದಪ್ಪಗಾಗುವ ಟೇಪರ್ಡ್. ಅದು ಇಂಥ ಬಹಳಷ್ಟು ಫ್ರೇಮಿನೊಳಗೆ ಹೋಗುವುದಿಲ್ಲ. 15 ಮಿ.ಮೀ. ಥ್ರೂ ಆಕ್ಸಲ್ (ಆರಪಾರ ಹೋಗುವ ದಪ್ಪ ಅಚ್ಚು) ಇದ್ದರೆ ನಮ್ಮ ಕ್ವಿಕ್ ರಿಲೀಸ್ (ಸನ್ನೆ ತಿರುಗಿಸಿ ತೆಗೆಯುವ ತೆಳು ಅಚ್ಚಿನ) ಚಕ್ರ ಕೂರುವುದಿಲ್ಲ, ಚಕ್ರದ ನಡುವಿನ ಹಬ್ ಕೂಡ ಬದಲಾಯಿಸಬೇಕು. ಇರಲಿ ಅಂತ 20 ಮಿ.ಮೀ. ಜಾಸ್ತಿ ಟ್ರಾವೆಲ್ ಇರುವುದನ್ನು ಹಾಕಿದರೆ ಮುಂಭಾಗ ಎತ್ತರವಾಗಿ ಹೆಡ್ ಆಂಗಲ್ (ಫೋರ್ಕ್ ನಿಲ್ಲುವ ಓರೆ) ಸುಮಾರು ಒಂದು ಡಿಗ್ರಿ ಮಲಗುತ್ತದೆ. ಫ್ರೇಮ್ ಮೇಲೆ ಬೀಳುವ ಒತ್ತಡವೂ ಬೇರೆಯಾಗುತ್ತದೆ. ಅಂಗಡಿಯವರು ಇದನ್ನು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಆದ್ದರಿಂದ ನಾನು ಈಗಿರುವುದನ್ನೇ ಇಟ್ಟುಕೊಂಡೆ. ಮಳೆಯಲ್ಲಿ ಓಡಿಸಿ ಬಂದ ದಿನ ಸ್ಟ್ಯಾಂಕ್ಷನ್ ಒರೆಸುತ್ತೇನೆ, ಕ್ರೋಮ್ ಹಾಕಿದ ಉಕ್ಕು ತಾನೇ, ಗೀರು ಬಿದ್ದ ಕಡೆ ತುಕ್ಕು ಹಿಡಿಯುತ್ತದೆ. ಬದಲಾಯಿಸುವ ಸಮಯ ಬಂತಾ ಅಂತ ತಿಳಿಯಲು ಬುಶಿಂಗ್ ಆಟ ನೋಡುತ್ತೇನೆ. ಮುಂದಿನ ಬ್ರೇಕ್ ಹಿಡಿದು, ಸೀಲ್ ಮತ್ತು ಸ್ಟ್ಯಾಂಕ್ಷನ್ ಸೇರುವ ಕಡೆ ಬೆರಳಿಟ್ಟು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಬೇಕು. ಬೆರಳಿಗೆ ಅಲ್ಲೇ ಟಕಟಕ ಸಿಕ್ಕರೆ ಬುಶಿಂಗ್ ಸವೆದಿದೆ. ಸದ್ದು ಮೇಲೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹತ್ತಿರ ಸಿಕ್ಕರೆ ಅದು ಬೇರೆ ಕಥೆ, ಬಿಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಈ ಬೆಲೆಯ ಫೋರ್ಕ್‌ಗೆ ಹೊಸ ಬುಶಿಂಗ್ ಹುಡುಕಿ ಹಾಕಿಸುವುದು ಲೆಕ್ಕಕ್ಕೆ ಬರಲ್ಲ. ಆಟ ಬಂದರೆ ಆಗ ಏರ್ ಫೋರ್ಕ್ ಕೊಳ್ಳುತ್ತೇನೆ. 27.5 ಚಕ್ರ, ನೇರ ಸ್ಟೀರರ್, 100 ಮಿ.ಮೀ. ಟ್ರಾವೆಲ್, ಕ್ವಿಕ್ ರಿಲೀಸ್, ಡಿಸ್ಕ್ ಬ್ರೇಕ್ ಮೌಂಟ್. ಜೊತೆಗೆ ಈಗಿನ ಸ್ಟೀರರ್ ಎಷ್ಟು ಉದ್ದಕ್ಕೆ ಕತ್ತರಿಸಿದ್ದಾರೆ ಅನ್ನುವ ಅಳತೆ. ಇಷ್ಟನ್ನೂ ಬರೆದು ಫೋನ್‌ನಲ್ಲಿ ಇಟ್ಟುಕೊಂಡಿದ್ದೇನೆ.