ಕಾಫಿಯಿಲ್ಲದ ಕೊಡಗನ್ನು ಕಲ್ಪಿಸಿಕೊಳ್ಳುವ ಬಗೆ

ಪ್ರೌಢಶಾಲಾ ಮಕ್ಕಳ ಪ್ರಬಂಧ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದಾಗ ‘ಕಾಫಿ ಇಲ್ಲದ ಜಗತ್ತು’ ಎಂಬ ವಿಷಯದ ಮೇಲೆ ನಲವತ್ತಕ್ಕೂ ಹೆಚ್ಚು ಬರಹಗಳನ್ನು ಓದಿದೆ. ಹೆಚ್ಚಿನವು ಬೆಳಗಿನ ಲೋಟದಿಂದ ಆರಂಭವಾಗಿ, ಅಪ್ಪನ ಸಿಡುಕನ್ನು ಹಾದು, ಪೇಟೆಯ ಟೀ ಅಂಗಡಿಯಲ್ಲಿ ಮುಗಿದಿದ್ದವು. ತೋಟದ ನಡುವೆ ಹುಟ್ಟಿ ಬೆಳೆದ ಮಕ್ಕಳು ಬೆಂಗಳೂರಿನ ಹೋಟೆಲಿನಲ್ಲಿ ಕುಳಿತವರಂತೆ ಬರೆದದ್ದು ಅವರ ತಪ್ಪಲ್ಲ. ಇರುವುದನ್ನು ಇಲ್ಲವೆಂದು ಕಲ್ಪಿಸಿಕೊಳ್ಳಲಿಕ್ಕೂ ಒಂದು ಕ್ರಮವಿದೆಯೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದೆ ಬರೆಯುವ ಮಕ್ಕಳಿಗೂ ಬರೆಸುವ ಶಿಕ್ಷಕರಿಗೂ ಉಪಯೋಗವಾಗಲೆಂದು ನನಗೆ ತೋಚಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು, ಕಾಫಿ ಯಾವ ರೀತಿಯಲ್ಲಿ ಇಲ್ಲ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಅದು ಈ ನಾಡಿಗೆ ಬರಲೇ ಇಲ್ಲವೆ, ಅಥವಾ ಬಂದು ಬೇರೂರಿದ ಮೇಲೆ ಹೋಯಿತೆ? ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಅಳಿಸಿದರೆ ಸಿಗುವ ಕೊಡಗು ಬೇರೆ. ಬರುವ ಹುತ್ತರಿ ಹಬ್ಬದ ಹೊತ್ತಿಗೆ ಗಿಡಗಳೆಲ್ಲ ಒಣಗಿಹೋದವೆಂದುಕೊಂಡರೆ ಸಿಗುವ ಕೊಡಗು ಬೇರೆ. ಎರಡನ್ನೂ ಬೆರೆಸಿದವರು ತೋಟದ ಕೂಲಿಯವರ ಲೈನ್ ಮನೆಗಳು ಖಾಲಿಯಾದವು ಎಂದು ಒಂದು ಪುಟದಲ್ಲಿ ಬರೆದು, ಅಂಥ ಮನೆಗಳನ್ನು ಯಾರೂ ಕಟ್ಟಿಯೇ ಇರಲಿಲ್ಲವೆಂದು ಮರುಪುಟದಲ್ಲಿ ಬರೆಯಬೇಕಾಗುತ್ತದೆ. ನಾನು ಓದಿದ ಎರಡು ಪ್ರಬಂಧಗಳಲ್ಲಿ ಹೀಗೆಯೇ ಆಗಿತ್ತು.

ಬರಲೇ ಇಲ್ಲವೆಂಬ ದಾರಿ ಹಿಡಿಯುವವರು ಕೊಡವ ಮನೆತನದ ಮೂಲಮನೆಯಾದ ಹಳೆಯ ಐನ್‌ಮನೆಯೊಂದರ ಜಗಲಿಯಲ್ಲಿ ನಿಂತು ಎದುರಿಗೆ ನೋಡುವುದು ಒಳ್ಳೆಯದು. ಆ ಮನೆಗಳು ಸಾಮಾನ್ಯವಾಗಿ ಗದ್ದೆಬಯಲನ್ನು ನೋಡುತ್ತವೆ. ಹಬ್ಬಗಳೂ ಅತ್ತಲೇ ಮುಖಮಾಡಿವೆ: ಕೈಲ್ ಮುಹೂರ್ತ ಬರುವುದು ನಾಟಿ ಕೆಲಸ ಮುಗಿದ ಮೇಲೆ, ಹುತ್ತರಿ ಬರುವುದು ಕದಿರು ತೆಗೆಯುವ ಕಾಲಕ್ಕೆ, ನಡುವೆ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ. ‘ಪೊಲಿ ಪೊಲಿ ದೇವಾ’ ಎಂದು ಕೂಗುವುದು ಭತ್ತದ ಕದಿರಿನ ಮುಂದೆಯೇ ಹೊರತು ಕಾಫಿ ಚೆರ್ರಿಯ ಮೂಟೆಯ ಮುಂದೆ ಅಲ್ಲ. ನಾಡಿಗೆ ಇಷ್ಟು ಹಣ ತಂದ ಬೆಳೆಗೆ ಹಿರಿಯರು ಒಂದು ಹಬ್ಬವನ್ನೂ ಕೊಟ್ಟಿಲ್ಲ. ಆದ್ದರಿಂದ ಕಡುಬಿಟ್ಟು, ಪಂದಿಕರಿ, ಕಾಚಂಪುಳಿ, ಕಕ್ಕಡ ತಿಂಗಳ ಮದ್ದುಪಾಯಸ ಯಾವುದನ್ನೂ ಅಳಿಸಬೇಕಾಗಿಲ್ಲ. ಬದಲಾಗಬೇಕಾದದ್ದು ಬಾಣೆ. ಇಂದು ಕಾಫಿ ನಿಂತಿರುವ ಬಾಣೆಗಳು ಗದ್ದೆಗೆ ಬೇಕಾದ ಸೊಪ್ಪು, ಒಲೆಗೆ ಬೇಕಾದ ಸೌದೆ, ದನಗಳ ಮೇವು ಇವುಗಳಿಗಾಗಿ ಗದ್ದೆಯ ಜೊತೆಗೆ ಸೇರಿಬಂದ ನೆಲಗಳು. ಅಲ್ಲಿ ದನಗಳನ್ನು ಮೇಯಿಸಿರಿ, ಮಲೆಯಲ್ಲಿ ಏಲಕ್ಕಿಯನ್ನು ಇಡಿರಿ.

ಆದರೆ ಕಾಫಿ ತೆಗೆದ ಜಾಗಕ್ಕೆಲ್ಲ ದಟ್ಟ ಕಾಡನ್ನು ಹಬ್ಬಿಸುವ ಆತುರ ಬೇಡ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನಿಂದ ಕೊಡಗನ್ನು ಕಿತ್ತುಕೊಂಡರು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಐರೋಪ್ಯ ಕಾಫಿ ತೋಟವನ್ನು ತೆರೆದ. ಅವನ ಕೈಗೆ ಕಾಫಿ ಬೀಜ ಸಿಗದಿದ್ದರೆ ಅವನು ಬೆಟ್ಟವಿಳಿದು ಹಡಗು ಹತ್ತಿ ಊರಿಗೆ ಹೋಗುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ. ನೀಲಗಿರಿಯಲ್ಲಿ ಅವರು ಚಹಾವನ್ನೂ ಸಿಂಕೋನಾವನ್ನೂ ನೆಟ್ಟದ್ದನ್ನು ನೆನೆದರೆ, ಕಾಫಿಯಿಲ್ಲದ ಕೊಡಗು ಬೋಳಿಸಿದ ಗುಡ್ಡಗಳ ಮೇಲೆ ಸಾಲುಸಾಲು ಚಹಾ ಗಿಡ ಹೊತ್ತ ಕೊಡಗಾಗಿರುವ ಸಾಧ್ಯತೆಯೇ ಹೆಚ್ಚು.

ಬಂದು ಹೋಯಿತೆಂಬ ದಾರಿ ಇದಕ್ಕಿಂತ ಕಷ್ಟದ್ದು, ಆದರೆ ಅದರಲ್ಲಿ ಹುರುಳಿದೆ. ಅದಕ್ಕೆ ಸಿಲೋನಿನ ಉದಾಹರಣೆಯನ್ನು ಮುಂದಿಟ್ಟುಕೊಳ್ಳಬಹುದು. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಸುಮಾರು ಎರಡು ದಶಕಗಳಲ್ಲಿ ಕಾಫಿ ಉದ್ಯಮವನ್ನೇ ಮುಗಿಸಿತು, ಅದೇ ಬೆಟ್ಟಗಳನ್ನು ಚಹಾ ಆಕ್ರಮಿಸಿತು. ಕೊಡಗಿನ ತೋಟಗಳನ್ನು ಅದೇ 1860ರ ದಶಕದಲ್ಲಿ ಬಿಳಿ ಕಾಂಡಕೊರಕ ಹುಳು ಹಾಳುಗೆಡವಿತ್ತು. ಆದರೆ ಕಾಂಡಕೊರಕ ಮುಖ್ಯವಾಗಿ ಅರೇಬಿಕಾ ಜಾತಿಯ ಕಾಫಿಯ ಶತ್ರು. ಇಂದು ಕೊಡಗಿನಲ್ಲಿ ಹೆಚ್ಚಾಗಿರುವುದು ರೊಬಸ್ಟಾ. ಹುಳುವೊಂದನ್ನು ತಂದು ಎರಡನ್ನೂ ಒಟ್ಟಿಗೆ ಕೊಲ್ಲಿಸಿದರೆ ಬೆಳೆಗಾರನಾದ ಓದುಗ ನಗುತ್ತಾನೆ. ಭಾರತದ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಭಾಗ ಬರುವುದು ಈ ಒಂದು ಜಿಲ್ಲೆಯಿಂದ. ಅಷ್ಟನ್ನು ಅಳಿಸಲು ನಂಬುವಂಥ ಕಾರಣ ಬೇಕು. ಕಾಫಿ ಕುಲದ 124 ಕಾಡುಪ್ರಭೇದಗಳಲ್ಲಿ ಶೇ 60ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು 2019ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಹೊಸ ರೋಗವನ್ನು ತಡೆದುಕೊಳ್ಳಬಲ್ಲ ತಳಿಗಳನ್ನು ಬೆಳೆಸಲು ಬೇಕಾದ ಗುಣಗಳು ಆ ಕಾಡುಗಿಡಗಳಲ್ಲಿ ಇರಬಹುದಾದ್ದರಿಂದ, ಕಾರಣವನ್ನು ಅಲ್ಲಿಂದ ಹೆಣೆಯಬಹುದು.

ಕಾರಣ ಸಿಕ್ಕಿದ ಮೇಲೆ ಇಡೀ ಜಿಲ್ಲೆಯನ್ನು ಬಿಟ್ಟು ಒಂದು ಎಕರೆಯನ್ನು ಆರಿಸಿಕೊಳ್ಳಿರಿ. ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋಗಿ, ಕಾಫಿಗಾಗಿ ಇರುವುದೇನು, ಕಾಫಿಯನ್ನು ಲೆಕ್ಕಿಸದೆ ಇರುವುದೇನು ಎಂದು ಎರಡು ಪಟ್ಟಿ ಬರೆಯಿರಿ. ಸಿಲ್ವರ್ ಓಕ್ ಮತ್ತು ಹಾಲುವಾಣ ಮೊದಲ ಪಟ್ಟಿಗೆ ಸೇರುತ್ತವೆ. ಬೀಟೆ, ನಂದಿ, ಹಲಸು, ಅತ್ತಿ ಮರಗಳ ಮುಂದೆ ಕೈ ತಡೆಯುತ್ತದೆ. ಅವು ಕಾಫಿಗಿಂತ ಹಳೆಯವು, ಆದರೆ ಇಂದಿಗೂ ಕಡಿಯದೆ ಉಳಿದಿರುವುದಕ್ಕೆ ಒಂದು ಕಾರಣ ಕಾಫಿಗೆ ನೆರಳು ಬೇಕೆಂಬುದು. ಬ್ರೆಜಿಲ್‌ನಲ್ಲಿ ಹೆಚ್ಚಿನ ಕಾಫಿ ಬಯಲು ಬಿಸಿಲಿನಲ್ಲೇ ಬೆಳೆಯುತ್ತದೆ, ಅಲ್ಲಿಯವನಿಗೆ ಈ ಎರಡನೆಯ ಪಟ್ಟಿ ಅರ್ಥವಾಗಲಿಕ್ಕಿಲ್ಲ. ‘ಕಾಫಿ ಹೋದರೂ ಕರಿಮೆಣಸು ಉಳಿಯುತ್ತದೆ’ ಎಂದು ಹಲವು ಮಕ್ಕಳು ಬರೆದಿದ್ದರು. ಮೊದಲ ವರ್ಷಕ್ಕೆ ಅದು ಸರಿ. ಮೂರನೆಯ ವರ್ಷ, ರೆಂಬೆ ಸವರಿ ಕಪಾತು ಮಾಡುವವರಿಲ್ಲದೆ, ಕಳೆ ಎದೆಯೆತ್ತರ ಬೆಳೆದು, ಮರದ ವ್ಯಾಪಾರಿ ಅಂಗಳಕ್ಕೆ ಬಂದು ಕುಳಿತಾಗ, ಬಳ್ಳಿ ಹಬ್ಬಿದ ಮರವೇ ನಿಲ್ಲುತ್ತದೆಯೆ ಎಂದು ಕೇಳಿಕೊಳ್ಳಬೇಕು. ಮರ ಉರುಳಿದರೆ ಹಲಸಿನ ಹಣ್ಣಿಗೂ ಹಗಲಿನ ನೆರಳಿಗೂ ತೋಟಕ್ಕೆ ಬರುವ ಆನೆ ಎಲ್ಲಿಗೆ ಹೋಗುತ್ತದೆ, ಇಳಿಜಾರಿನ ಮಣ್ಣನ್ನು ಯಾವುದು ಹಿಡಿದಿಡುತ್ತದೆ, ಕಾವೇರಿಗೆ ಸೇರುವ ತೊರೆ ಮೇ ತಿಂಗಳವರೆಗೆ ಹರಿಯುತ್ತದೆಯೆ ಎಂಬ ಪ್ರಶ್ನೆಗಳು ತಾವಾಗಿ ಬರುತ್ತವೆ. ಒಂದು ಪ್ರಶ್ನೆ ಇನ್ನೊಂದನ್ನು ಎಳೆದು ತರುವಷ್ಟು ದೂರ ಹೋಗಿರಿ, ಅಲ್ಲಿಂದಾಚೆಗೆ ಊಹೆಯನ್ನು ಬೆಳೆಸಬೇಡಿರಿ.

ಆಮೇಲೆ ಫೆಬ್ರವರಿ, ಮಾರ್ಚ್ ತಿಂಗಳುಗಳಿಂದ, ಕಾಫಿಯ ಮೊಗ್ಗನ್ನು ಅರಳಿಸುವ ಹೂ ಮಳೆಯನ್ನು ತೆಗೆಯಿರಿ. ಮಳೆ ಬರಲಿ, ಆದರೆ ಅದಕ್ಕಾಗಿ ಕಾಯುವವರು ಇರಬಾರದು. ಎಷ್ಟು ಸೆಂಟ್ (ಅಂಗುಲದ ನೂರನೆಯ ಒಂದು ಭಾಗ) ಬಿತ್ತೆಂದು ನೆರೆಮನೆಗೆ ಫೋನ್ ಮಾಡುವುದು, ಮಳೆಮಾಪಕದ ಮುಂದೆ ಬಗ್ಗಿ ನಿಲ್ಲುವುದು, ಸ್ಪ್ರಿಂಕ್ಲರ್ ಪೈಪು ಎಳೆಯುವುದು, ವಾರ ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಮಲ್ಲಿಗೆಯಂತೆ ಕಂಪು ಬೀರುವುದು, ಪರಕೀಯ ಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟದ ರೊಬಸ್ಟಾಕ್ಕೆ ಜೇನ್ನೊಣಗಳು ಮುತ್ತುವುದು, ಇವೆಲ್ಲ ಹೋದ ಮೇಲೆ ಇಬ್ಬರು ಬೆಳೆಗಾರರು ಮದುವೆ ಮನೆಯಲ್ಲಿ ಎದುರಾದರೆ ಏನು ಮಾತಾಡಿಯಾರೆಂದು ಬರೆಯಲು ಯತ್ನಿಸಿರಿ. ನಾನು ಯತ್ನಿಸಿ ಸೋತಿದ್ದೇನೆ.

ಕೂಲಿಯ ವಿಷಯವನ್ನು ತೋಟದ ಮಾಲೀಕರ ಮಕ್ಕಳು ಮರೆಯುತ್ತಾರೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು, ಕಣದಲ್ಲಿ ಒಣಗಿಸುವುದು, ಮೂಟೆ ಹೊರುವುದು, ಹೀಗೆ ಎರವರು, ಕುರುಬರು, ಅಸ್ಸಾಮಿನಿಂದ ಬಂದವರು ಎಲ್ಲರ ಕೈಗೂ ಕೆಲಸವಿರುತ್ತದೆ. ಸಂತೆಯ ಅಂಗಡಿಗಳು ಕಳೆಗಟ್ಟುವುದೂ ಆ ತಿಂಗಳುಗಳಲ್ಲೇ. ನಾನು ಓದಿದ ಪ್ರಬಂಧಗಳಲ್ಲಿ ಒಬ್ಬಳು ಹುಡುಗಿ ಮಾತ್ರ, ಕಾಫಿಯಿಲ್ಲದಿದ್ದರೆ ಜನವರಿಯಲ್ಲಿ ಅಮ್ಮ ಬೇಗ ಮನೆಗೆ ಬರುತ್ತಾಳೆ, ಆದರೆ ಅಂಗಡಿಯ ಸಾಲ ತೀರುವುದಿಲ್ಲ ಎಂದು ಬರೆದಿದ್ದಳು. ಬಹುಮಾನವನ್ನು ಅವಳಿಗೇ ಕೊಟ್ಟೆವು. ಅಕ್ಷರದೋಷಗಳು ಬೇಕಾದಷ್ಟಿದ್ದವು.

ಲೋಟದ ಸರದಿ ಕೊನೆಗೆ ಬರಲಿ, ಅದಕ್ಕೆ ಅರ್ಧ ಪುಟ ಸಾಕು. ರೂಢಿಯಾದ ಕಾಫಿಯನ್ನು ಬಿಟ್ಟವರಿಗೆ ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ತಲೆನೋವು ಆರಂಭವಾಗಿ, ಒಂದೆರಡು ದಿನ ಜೋರಾಗಿದ್ದು, ಹೆಚ್ಚೆಂದರೆ ಒಂಬತ್ತು ದಿನಗಳಲ್ಲಿ ಇಳಿಯುತ್ತದೆ. ಜಗತ್ತಿನ ತಲೆನೋವನ್ನು ಪ್ರಬಂಧದ ತುಂಬ ಎಳೆಯಲು ಬರುವುದಿಲ್ಲ. ಚಿಕೋರಿ ಇದೆಯಲ್ಲ ಎನ್ನುವವರು ಒಮ್ಮೆ ಬರೀ ಚಿಕೋರಿಯ ಡಿಕಾಕ್ಷನ್ ಕುಡಿದು ನೋಡಲಿ. ನಿಜವಾದ ತೊಡಕು ಬೇರೆಯಿದೆ: ಅಂಗಳಕ್ಕೆ ಬಂದವರಿಗೆ, ಅವರು ಸಾಲ ಕೇಳಲು ಬಂದಿರಲಿ, ಸಾವಿನ ಸುದ್ದಿ ತಂದಿರಲಿ, ಮೊದಲು ಕೊಡುವುದು ಬೆಲ್ಲದ ಕಪ್ಪು ಕಾಫಿ. ಅದನ್ನು ತೆಗೆದು ಆ ಜಾಗಕ್ಕೆ ಏನನ್ನಿಡುತ್ತೀರೆಂದು ಸ್ಪಷ್ಟವಾಗಿ ಬರೆಯಬೇಕು. ಜೀರಿಗೆ ಕಷಾಯವಾದರೆ ಕಷಾಯ, ಮಜ್ಜಿಗೆಯಾದರೆ ಮಜ್ಜಿಗೆ, ಆದರೆ ಅದನ್ನು ಕೊಡುವವರ ಬಾಯಿಂದ ಒಂದು ಮಾತನ್ನು ಆಡಿಸಿರಿ.

ಬರೆದದ್ದನ್ನು ಇಬ್ಬರಿಗೆ ಓದಿ ಹೇಳಿರಿ. ಒಬ್ಬರು ಭತ್ತದ ಕಾಲವನ್ನು ಕಂಡ ಮನೆಯ ಹಿರಿಯರಾಗಿರಲಿ, ಇನ್ನೊಬ್ಬರು ಲೈನ್ ಮನೆಯವರಾಗಿರಲಿ. ಇಬ್ಬರೂ ತಲೆಯಾಡಿಸಿದ ಭಾಗವನ್ನು ಹಾಗೆಯೇ ಬಿಟ್ಟು, ಒಬ್ಬರು ನಕ್ಕು ಇನ್ನೊಬ್ಬರು ಸುಮ್ಮನಾದ ಭಾಗವನ್ನು ಮತ್ತೊಮ್ಮೆ ಬರೆಯಿರಿ.