ಅಳಿವೆಯಂಚಿನ ಉಪ್ಪುಜೌಗನ್ನು ಕಾಪಾಡುವ ಕ್ರಮ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಯಂಚಿನ ಉಪ್ಪುಜೌಗು ಬದುಕುವುದು ದಿನಕ್ಕೆರಡು ಸಲ ಏರಿ ಇಳಿಯುವ ಭರತದ ನೀರಿನಿಂದ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಸಂತೋಷದ ಸಂಗತಿಯೇ. ಆದರೆ ಮಣ್ಣು ತುಂಬಿ ಮುಚ್ಚಿಹೋದ ಮೋರಿಯನ್ನು ಪಟ್ಟಿ ಬಿಡಿಸಿಕೊಡುವುದಿಲ್ಲ, ಅದು ಊರವರಿಂದಲೇ ಆಗಬೇಕು.

ಮೊದಲು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಭರತದ ಹೊತ್ತಿಗೆ ಜೌಗಿನಂಚಿನಲ್ಲಿ ನಡೆದು, ನೀರು ಎಲ್ಲಿಯವರೆಗೆ ಏರುತ್ತದೆ, ಇಳಿತದಲ್ಲಿ ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಗುರುತಿಸಿ, ದಿನಾಂಕದೊಂದಿಗೆ ಚಿತ್ರ ತೆಗೆದಿಡಿ. ಏಡಿಬಿಲಗಳ ಬಾಯಲ್ಲಿ ಹಸಿ ಮಣ್ಣಿನ ಸಣ್ಣ ಉಂಡೆಗಳಿದ್ದು, ಉಪ್ಪುನೀರಿನಲ್ಲಿ ಬೆಳೆಯುವ ಉಪ್ಪಟಿ ಗಿಡದ ಎಲೆಯ ಮೇಲೆ ಉಪ್ಪಿನ ಹರಳು ಮಿನುಗುತ್ತಿದ್ದರೆ ಅಲ್ಲಿಗೆ ಉಪ್ಪುನೀರು ಬಂದುಹೋಗುತ್ತಿದೆ ಎಂದು ತಿಳಿಯಬಹುದು. ಬೇಸಿಗೆಯಲ್ಲಿ ನೆಲ ಬಿಳಿಯ ಉಪ್ಪುಪದರು ಕಟ್ಟಿ ಗಿಡಗಳು ಒಣಗುತ್ತಿದ್ದರೆ, ರಸ್ತೆಯೋ ಕಟ್ಟೆಯೋ ಹೂಳೋ ನೀರಿನ ದಾರಿಗೆ ಅಡ್ಡ ಬಂದಿರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ಆ ಅಡ್ಡಿಯನ್ನು ತೆಗೆಯುವುದೇ ಮೊದಲ ಕೆಲಸ.

ಗಜನಿಯ, ಅಂದರೆ ಕಟ್ಟೆ ಹಾಕಿದ ಅಳಿವೆಯಂಚಿನ ತಗ್ಗು ಗದ್ದೆಯ, ಸಂಗತಿ ಬೇರೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಿನ ಬಳಿಕ ಭರತದ ನೀರು ಬಿಟ್ಟು ಮೀನು ಮತ್ತು ಸಿಗಡಿ ಎಂಬ ಹಳೆಯ ಕ್ರಮ ಜೌಗಿಗೂ ರೈತರಿಗೂ ಹೊಂದಿಕೊಂಡು ಬಂದಿತ್ತು. ವರ್ಷವಿಡೀ ಸಿಗಡಿಗೆಂದು ನೀರು ಹಿಡಿದಿಟ್ಟ ಕಡೆ ಆ ಕ್ರಮ ಕೆಟ್ಟಿತು. ಆದರೂ ಕಟ್ಟೆಯನ್ನು ಒಬ್ಬರೇ ಒಡೆಯಬಾರದು, ಪಕ್ಕದವರ ಗದ್ದೆಗೆ ಉಪ್ಪು ನುಗ್ಗುತ್ತದೆ. ಕಟ್ಟೆಯ ನೀರುಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಗಜನಿಯ ಎಲ್ಲ ರೈತರೂ ಕೂಡಿಯೇ ತೀರ್ಮಾನಿಸಬೇಕು.

ಕಾಂಡ್ಲಾ (ಮ್ಯಾಂಗ್ರೋವ್) ನೆಡುವುದು ಇದರ ನಂತರದ ಕೆಲಸ. ಖಾಲಿ ಕಂಡ ಕೆಸರಿಗೆಲ್ಲ ಕಾಂಡ್ಲಾ ನೆಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಬಯಲೇ ಚಿಪ್ಪಿ ಆರಿಸುವವರ ಅನ್ನ, ವಲಸೆ ಹಕ್ಕಿಗಳ ಮೇವು. ಹುಲ್ಲು ಬೆಳೆದ ಉಪ್ಪುಜೌಗನ್ನಂತೂ ಮುಟ್ಟಲೇಬಾರದು. ಹಿಂದೆ ಕಾಂಡ್ಲಾ ಇದ್ದು ಅಳಿದ ಜಾಗದಲ್ಲಿ ಮಾತ್ರ, ಮಳೆಗಾಲದಲ್ಲಿ ತಾನಾಗಿ ಉದುರಿದ ಗಾಯವಿಲ್ಲದ ಕೋಡುಗಳನ್ನು (ಮರದಲ್ಲೇ ಮೊಳೆತ ಉದ್ದನೆಯ ಸಸಿಗಳನ್ನು) ಆರಿಸಿ, ಮೂರನೆಯ ಒಂದು ಭಾಗ ಕೆಸರಿನಲ್ಲಿರುವಂತೆ ನೆಟ್ಟಗೆ ಊರಬೇಕು.

ಯಾರಾದರೂ ಜೌಗಿಗೆ ಮಣ್ಣು ತುಂಬುತ್ತಿದ್ದರೆ, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ನಿಮ್ಮ ಪರವಾಗಿದೆ: ಉಪ್ಪುಜೌಗು, ಕಾಂಡ್ಲಾವನ, ಜೀವವಿರುವ ಕೆಸರುಬಯಲು ಮೂರೂ ಅದರ ಅತಿ ಕಟ್ಟುನಿಟ್ಟಿನ ವರ್ಗದಲ್ಲಿವೆ. ಸರ್ವೆ ನಂಬರು ಮತ್ತು ಚಿತ್ರಗಳೊಂದಿಗೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಅರಣ್ಯ ಇಲಾಖೆಗೂ ಜಿಲ್ಲಾಧಿಕಾರಿಗಳಿಗೂ ಲಿಖಿತ ದೂರು ಕೊಟ್ಟು, ಪ್ರತಿಯೊಂದಕ್ಕೂ ಸ್ವೀಕೃತಿ ಪಡೆದಿಟ್ಟುಕೊಳ್ಳಿ.