ಗ್ಯಾಸ್ ಕಮ್ಮಿ ಮಾಡಿದೆ, ಎಣ್ಣೆ ಜಾಸ್ತಿ ಬಂತು

ನಮ್ಮೂರು ಚಿತ್ರದುರ್ಗದ ಕಡೆ. ಬೋರ್‌ವೆಲ್‌ಗೆ ಕಂಪ್ರೆಸರ್ ಹಾಕಿ ನೀರೆತ್ತುವುದನ್ನು ನೋಡುತ್ತಲೇ ಬೆಳೆದವನು ನಾನು. ಪೈಪಿನ ತಳಕ್ಕೆ ಗಾಳಿ ಬಿಟ್ಟರೆ ನೀರು ಗುಳ್ಳೆಗೂಡಿ, ಹಗುರಾಗಿ ಮೇಲೆ ಬರುತ್ತದೆ. ಮುಂದೆ ಸಮುದ್ರದೊಳಗಿನ ಕಚ್ಚಾ ಎಣ್ಣೆ ಕ್ಷೇತ್ರವಾದ ಮುಂಬೈ ಹೈನಲ್ಲಿ ಅದೇ ನನ್ನ ಕೆಲಸವಾಯಿತು. ಗಾಳಿಯ ಬದಲು ಗ್ಯಾಸ್, ಅಷ್ಟೇ.

ಮುಂಬೈನಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ದೂರ ಸಮುದ್ರ. ಜುಹುದಿಂದ ಹೆಲಿಕಾಪ್ಟರ್. 14 ದಿನ ಕೆಲಸ, 14 ದಿನ ರಜೆ. ಎಣ್ಣೆ ಕಾರಂಜಿ ಥರ ಚಿಮ್ಮುತ್ತಾ ಅಂತ ಊರಲ್ಲಿ ಕೇಳುತ್ತಾರೆ. ಚಿಮ್ಮಿದರೆ ಅದು ಅನಾಹುತ ಸ್ವಾಮಿ!

1974ರಲ್ಲಿ ಸಾಗರ್ ಸಮ್ರಾಟ್ ರಿಗ್ ಇಲ್ಲಿ ಎಣ್ಣೆ ಕಂಡಿತು, 1976ರಲ್ಲಿ ಉತ್ಪಾದನೆ ಶುರುವಾಯಿತು. ಆಗ ಸುಣ್ಣದ ಕಲ್ಲಿನ ಪದರದ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ನೂಕುತ್ತಿತ್ತು. ಈಗ ಆ ಒತ್ತಡ ಇಳಿದಿದೆ. ಎಣ್ಣೆ ಜೊತೆ ನೀರೂ ಬರುತ್ತದೆ, ನೀರು ಭಾರ. ಅದಕ್ಕೇ ಗ್ಯಾಸ್ ಲಿಫ್ಟ್. ಬಾವಿಯ ಹೊರಗಿನ ಪೈಪಿಗೆ, ಅಂದರೆ ಕೇಸಿಂಗ್‌ಗೆ, ಗ್ಯಾಸ್ ಬಿಡುತ್ತೇವೆ. ಅದು ವಾಲ್ವ್ ಮೂಲಕ ಎಣ್ಣೆ ಬರುವ ಒಳಗಿನ ಪೈಪು, ಅಂದರೆ ಟ್ಯೂಬಿಂಗ್ ಸೇರಿ ಎಣ್ಣೆಯನ್ನು ಹಗುರ ಮಾಡುತ್ತದೆ. ಮೇಲೆ ಬಂದ ಗ್ಯಾಸನ್ನೇ ಮತ್ತೆ ಕಂಪ್ರೆಸ್ ಮಾಡಿ ಬಳಸುತ್ತೇವೆ.

ನಾನು ಹೊಸಬನಿದ್ದಾಗ ಒಂದು ಬಾವಿಯ ಎಣ್ಣೆ ಇಳಿಯತೊಡಗಿತು. ಯೋಚನೆಯೇ ಮಾಡದೆ ಗ್ಯಾಸ್ ಏರಿಸಿದೆ. ಮರುದಿನದ ಟೆಸ್ಟಿನಲ್ಲಿ ಎಣ್ಣೆ ಇನ್ನೂ ಕಮ್ಮಿ! ಮತ್ತೆ ಏರಿಸಿದೆ. ಮತ್ತೆ ಇಳಿಯಿತು. ಪಕ್ಕದ ಬಾವಿಗಳೂ ಸೊರಗಿದವು, ಯಾಕಂದ್ರೆ ಎಲ್ಲಕ್ಕೂ ಒಂದೇ ಲೈನಿನ ಗ್ಯಾಸ್.

ಸೀನಿಯರ್ ಒಬ್ಬರು ನನ್ನ ಲೆಕ್ಕದ ಹಾಳೆ ನೋಡಿ, "ಪೈಪಿನ ತುಂಬ ನಿನ್ನ ಗ್ಯಾಸೇ ಓಡಾಡ್ತಿದೆ. ಎಣ್ಣೆಗೆ ಜಾಗ ಎಲ್ಲಿದೆ?" ಎಂದರು. ನಿಜ. ಗ್ಯಾಸ್ ಒಂದು ಮಟ್ಟ ದಾಟಿದರೆ ಪೈಪಿನೊಳಗಿನ ತಿಕ್ಕಾಟ ಹೆಚ್ಚುತ್ತದೆ, ತಳದಲ್ಲಿ ಒತ್ತಡ ಏರುತ್ತದೆ, ಪದರದಿಂದ ಎಣ್ಣೆ ಒಳಗೆ ಬರುವುದು ಕಮ್ಮಿಯಾಗುತ್ತದೆ.

ಆ ಸರದಿಯಲ್ಲಿ ನಾನು ಮಾಡಿದ್ದು ಇಷ್ಟೇ. ಗ್ಯಾಸ್ ಸ್ವಲ್ಪ ಇಳಿಸುವುದು, ಬಾವಿಯ ಹರಿವು ಒಂದು ಹದಕ್ಕೆ ಬಂದು ನಿಲ್ಲುವವರೆಗೆ ಕಾಯುವುದು, ಟೆಸ್ಟ್ ಸೆಪರೇಟರ್‌ಗೆ ತಿರುಗಿಸಿ ಎಣ್ಣೆ, ನೀರು, ಗ್ಯಾಸ್ ಬೇರೆಬೇರೆ ಅಳೆಯುವುದು. ಆಮೇಲೆ ಮತ್ತೆ ಸ್ವಲ್ಪ ಇಳಿಸುವುದು. ಕಾಯುವುದೇ ಕಷ್ಟ. ಕೈ ಸುಮ್ನೆ ಇರುವುದಿಲ್ಲ ಅಲ್ವಾ? ಎಣ್ಣೆ ಏರುತ್ತಾ ಬಂತು. ಒಂದು ಹಂತದಲ್ಲಿ ಗ್ಯಾಸ್ ತೀರಾ ಇಳಿಸಿಬಿಟ್ಟೆ. ಒತ್ತಡದ ಗುಂಡನೆ ಚಾರ್ಟಿನಲ್ಲಿ ಪೆನ್ನು ಗರಗಸದ ಹಲ್ಲು ಬರೆಯತೊಡಗಿತು. ಬಾವಿ ಏದುಸಿರು ಬಿಡುತ್ತಿದೆ ಅಂತ ಅರ್ಥ. ಒಂದು ಹೆಜ್ಜೆ ಹಿಂದೆ ಬಂದು ಅಲ್ಲೇ ನಿಲ್ಲಿಸಿದೆ. ಉಳಿದ ಗ್ಯಾಸ್ ಪಕ್ಕದ ಬಾವಿಗಳಿಗೆ ಹೋಯಿತು.

ರಜೆಗೆ ಊರಿಗೆ ಹೋದಾಗ ಚಿಕ್ಕಪ್ಪನ ಬೋರ್ ಬರೀ ಗಾಳಿ ಉಗುಳುತ್ತಿತ್ತು. ಜಂಬದಲ್ಲೇ ಹೇಳಿದೆ: "ಗಾಳಿ ಕಮ್ಮಿ ಮಾಡಿ ನೋಡು ಚಿಕ್ಕಪ್ಪ."

"ಕೆಳಗೆ ನೀರೇ ಇಲ್ಲ ಕಣೋ. ಏನು ಕಮ್ಮಿ ಮಾಡ್ಲಿ?"